ಬಿತ್ತಿದ್ದೆಷ್ಟು, ಉಳಿಸಿದ್ದೆಷ್ಟು?

ಕ್ಷಯರೋಗದ ಚರಿತ್ರೆ ಬರೆದವರು ತುಮಕೂರು ಜಿಲ್ಲೆಯ ಹೆಸರನ್ನು ಮರೆಯುವುದಿಲ್ಲ. 1960–61ರಲ್ಲಿ ಇಲ್ಲಿ ನಡೆದ ಒಂದು ಸಮೀಕ್ಷೆಯೇ ಅದಕ್ಕೆ ಕಾರಣ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿ ಆಗಿನ್ನೂ ಒಂದೆರಡು ವರ್ಷವಾಗಿತ್ತು. ದೇಶಕ್ಕೆಲ್ಲ ಒಗ್ಗುವ ನಿಯಂತ್ರಣ ಕಾರ್ಯಕ್ರಮ ರೂಪಿಸುವ ಹೊಣೆ ಅದರ ಮೇಲಿತ್ತು. ಹಳ್ಳಿಗಾಡಿನಲ್ಲಿ ರೋಗ ನಿಜಕ್ಕೂ ಎಷ್ಟಿದೆ ಎಂದು ತಿಳಿಯದೆ ಆ ಕೆಲಸ ಸಾಗುವಂತಿರಲಿಲ್ಲ. ಹೆಬ್ಬೂರು, ಗುಬ್ಬಿ, ಕುಣಿಗಲ್‌ಗಳನ್ನು ಒಳಗೊಂಡ ಈ ಜಿಲ್ಲೆಯನ್ನು ಆರಿಸಿಕೊಂಡ ತಂಡ, ಹಳ್ಳಿಗಳನ್ನು ಯಾದೃಚ್ಛಿಕವಾಗಿ ಎತ್ತಿಕೊಂಡು ಮನೆಮನೆಗೆ ಹೋಯಿತು. ಮುಂಗೈಗೆ ಟ್ಯೂಬರ್‌ಕ್ಯುಲಿನ್ ಚುಚ್ಚಿ, ಮೂರ್ನಾಲ್ಕು ದಿನ ಬಿಟ್ಟು ಎದ್ದ ಗಂಟನ್ನು ಮಿಲಿಮೀಟರಿನಲ್ಲಿ ಅಳೆಯಿತು. ಎದೆಯ ಎಕ್ಸ್‌ರೇ ತೆಗೆಯಿತು, ಕಫ ಪರೀಕ್ಷಿಸಿತು. ರಾಜ್ ನರೈನ್, ಆಂಟನ್ ಗೆಸರ್, ಎಂ.ವಿ. ಜಂಬುನಾಥನ್, ಎಂ. ಸುಬ್ರಮಣಿಯನ್ ಅವರ ವರದಿ 1963ರಲ್ಲಿ ಹೊರಬಂತು. ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಇದ್ದವರು 1000ಕ್ಕೆ ಸುಮಾರು ನಾಲ್ವರು. ಇದೇ ಜನರ ನಡುವೆ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಡೆಸಿದ ಇನ್ನೊಂದು ಅಧ್ಯಯನ, ರೋಗಿಗಳಲ್ಲಿ ಬಹುಪಾಲು ಮಂದಿಗೆ ತಮ್ಮ ಲಕ್ಷಣಗಳ ಅರಿವಿದೆ, ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಹುಡುಕಿ ಹೊರಟಿದ್ದಾರೆ ಎಂದು ತೋರಿಸಿತು. ರೋಗಿಯನ್ನು ಹುಡುಕಿಕೊಂಡು ಹೋಗುವ ಬದಲು, ಆಸ್ಪತ್ರೆಗೆ ತಾನಾಗಿ ಬಂದ ಕೆಮ್ಮಿನವರನ್ನೇ ಸರಿಯಾಗಿ ಪರೀಕ್ಷಿಸಿದರೆ ಸಾಕು ಎಂಬ ರಾಷ್ಟ್ರೀಯ ನೀತಿಗೆ ಈ ಅಧ್ಯಯನ ಬುನಾದಿಯಾಯಿತು.

ಆ ಸಮೀಕ್ಷೆಯಲ್ಲಿ ಹೆಚ್ಚು ಮಾತಿಗೆ ಬರದ ಒಂದು ಕಷ್ಟವಿತ್ತು. ಮುಂಗೈಯ ಗಂಟು ದೇಹದ ರೋಗನಿರೋಧಕ ವ್ಯವಸ್ಥೆ ಬಿಟ್ಟುಹೋದ ಗುರುತು. ಗಂಟು ಎದ್ದರೆ ಕ್ಷಯದ ಸೋಂಕು ತಗುಲಿದೆ, ಏಳದಿದ್ದರೆ ಇಲ್ಲ ಎಂದು ಹೇಳುವುದು ಉತ್ತರ ಯುರೋಪಿನಲ್ಲಿ ಬಹುಮಟ್ಟಿಗೆ ಸಾಧ್ಯವಿತ್ತು. ಅಲ್ಲಿನ ಅಳತೆಗಳು ಸೊನ್ನೆಯ ಬಳಿ ಒಂದು ಗುಂಪಾಗಿ, ದೊಡ್ಡ ಗಂಟುಗಳ ಬಳಿ ಇನ್ನೊಂದು ಗುಂಪಾಗಿ ಬೇರೆಬೇರೆ ನಿಲ್ಲುತ್ತಿದ್ದವು. ದಕ್ಷಿಣ ಭಾರತದಲ್ಲಿ ಹಾಗಲ್ಲ. ಇಲ್ಲಿನ ಮಣ್ಣು ನೀರಿನಲ್ಲಿ ಕ್ಷಯದ ಬ್ಯಾಕ್ಟೀರಿಯಾಕ್ಕೆ ದಾಯಾದಿಗಳಾದ, ರೋಗ ತಾರದ ಸೂಕ್ಷ್ಮಜೀವಿಗಳು ಹೇರಳವಾಗಿವೆ. ಅವುಗಳ ಒಡನಾಟದಲ್ಲಿ ಬೆಳೆದ ದೇಹ ಟ್ಯೂಬರ್‌ಕ್ಯುಲಿನ್‌ಗೆ ಸಣ್ಣ ಗಂಟನ್ನಾದರೂ ಎಬ್ಬಿಸುತ್ತದೆ. ಹೀಗಾಗಿ ಎರಡು ಗುಂಪುಗಳು ಒಂದರೊಳಗೊಂದು ಬೆರೆತು ಹೋಗುತ್ತವೆ. ಗೆರೆಯನ್ನು ಎಲ್ಲಿ ಎಳೆಯಬೇಕು? ಯುರೋಪಿನ ಗೆರೆಯನ್ನೇ ಇಲ್ಲಿಗೂ ತಂದರೆ ಸೋಂಕಿಲ್ಲದವರೂ ಸೋಂಕಿತರ ಲೆಕ್ಕಕ್ಕೆ ಸೇರುತ್ತಾರೆ. ಕ್ಷಯದ ಸಂಪರ್ಕವೇ ಇಲ್ಲದಿದ್ದರೂ ಈ ನೆಲದಲ್ಲಿ ಎಷ್ಟು ಗಂಟು ಏಳುತ್ತಿತ್ತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳದೆ, ಎದ್ದ ಗಂಟಿಗೆ ಅರ್ಥ ಹಚ್ಚುವ ಹಾಗಿರಲಿಲ್ಲ. ರಾಜ್ ನರೈನ್ ಮತ್ತು ಅವರ ಜೊತೆಯವರು ಈ ಪ್ರಶ್ನೆಯ ಮೇಲೆ ಮುಂದೆ ವರ್ಷಗಟ್ಟಲೆ ದುಡಿದರು.

ಮುಂದಿನ ಕಾಲು ಶತಮಾನದಲ್ಲಿ ಇದೇ ಪ್ರಶ್ನೆ ರೋಗನಿರೋಧಶಾಸ್ತ್ರದ ಇನ್ನೊಂದು ಮೂಲೆಯಲ್ಲಿ, ಪ್ರತಿಕಾಯಗಳ ಜೀನ್‌ಗಳನ್ನು ಓದುವವರ ಮುಂದೆ ನಿಂತಿತು. ಅವರ ಬಳಿ ಹಳ್ಳಿಗಳಿರಲಿಲ್ಲ, ಪ್ರಯೋಗಾಲಯವಿತ್ತು. ಅಳತೆಗೆ ಮಿಲಿಮೀಟರಿನ ಬದಲು ಡಿಎನ್‌ಎ ಅಕ್ಷರಗಳಿದ್ದವು. ಅಷ್ಟು ನಿಖರವಾದ ಸಾಮಗ್ರಿ ಕೈಯಲ್ಲಿದ್ದೂ, ಕಾರಣವೇ ಇಲ್ಲದಿದ್ದರೆ ಏನು ಕಾಣುತ್ತಿತ್ತು ಎಂಬುದನ್ನು ಅಳೆಯುವ ಬದಲು ಅವರು ಅದನ್ನು ಊಹಿಸಿಕೊಂಡರು. ಆ ಊಹೆಯ ಮೇಲೆ ಹತ್ತಾರು ಪ್ರಬಂಧಗಳು ನಿಂತವು. ಊಹೆ ತಪ್ಪೆಂದು ಹೇಗೆ ಗೊತ್ತಾಯಿತು, ತಿದ್ದಲು ಏಕೆ ಅಷ್ಟು ಕಾಲ ಹಿಡಿಯಿತು ಎಂಬ ಕಥೆಯನ್ನು ವಿವರವಾಗಿ ಹೇಳಬೇಕು. ಏಕೆಂದರೆ ಲೆಕ್ಕದ ಸೂತ್ರ ಸರಿಯಿದ್ದೂ ತೀರ್ಮಾನ ತಪ್ಪುವುದು ಹೇಗೆಂದು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಸಂಗ ಜೀವವಿಜ್ಞಾನದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಕಥೆಯ ಬೇರು 1950ರ ದಶಕದಲ್ಲಿದೆ. 1955ರಲ್ಲಿ ನೀಲ್ಸ್ ಯರ್ನೆ ಒಂದು ವಿಚಾರ ಮುಂದಿಟ್ಟರು: ಹೊರಗಿನಿಂದ ಬಂದ ಪ್ರತಿಜನಕವನ್ನು ನೋಡಿ ದೇಹ ಹೊಸ ಪ್ರತಿಕಾಯವನ್ನು ಎರಕ ಹೊಯ್ಯುವುದಿಲ್ಲ, ಇರುವುದರಲ್ಲಿ ಒಪ್ಪುವುದನ್ನು ಆರಿಸಿಕೊಳ್ಳುತ್ತದೆ. ಎರಡು ವರ್ಷದ ಮೇಲೆ ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್, ಆಯ್ಕೆಯಾಗುವುದು ಪ್ರತಿಕಾಯವಲ್ಲ, ಅದನ್ನು ತಯಾರಿಸುವ ಜೀವಕೋಶ ಎಂದರು. ಒಂದೊಂದು ಬಿ ಜೀವಕೋಶವೂ ಒಂದೊಂದು ಬಗೆಯ ಪ್ರತಿಕಾಯವನ್ನು ಹೊತ್ತಿರುತ್ತದೆ. ಪ್ರತಿಜನಕಕ್ಕೆ ಅಂಟಿದ ಕೋಶ ಸಂತಾನ ಬೆಳೆಸುತ್ತದೆ. 1964ರಲ್ಲಿ ಹರ್ಮನ್ ಐಸನ್ ಮತ್ತು ಗ್ರೆಗರಿ ಸಿಸ್ಕಿಂಡ್ ಮೊಲಗಳ ಮೇಲೆ ಪ್ರಯೋಗ ಮಾಡಿ, ಚುಚ್ಚುಮದ್ದಿನ ನಂತರ ವಾರಗಳು ಕಳೆದಂತೆ ಪ್ರತಿಕಾಯಗಳ ಹಿಡಿತ ಬಿಗಿಯಾಗುತ್ತ ಹೋಗುವುದನ್ನು ಅಳೆದು ತೋರಿಸಿದರು. ಹಿಡಿತ ಬಿಗಿಯಾಗಬೇಕಾದರೆ ಕೋಶಗಳು ಬದಲಾಗುತ್ತಲೇ ಇರಬೇಕು. ಹೀಗೆ ಬದಲಾಗುತ್ತವೆ ಎಂಬ ಸೂಚನೆ 1966ರಲ್ಲಿ ಸಿಡ್ನಿ ಬ್ರೆನರ್ ಮತ್ತು ಸೀಸರ್ ಮಿಲ್‌ಸ್ಟೈನ್ ಅವರಿಂದ ಬಂತು. 1970ರಲ್ಲಿ ಮಾರ್ಟಿನ್ ವೀಗರ್ಟ್ ಮತ್ತು ಸಂಗಡಿಗರು ಇಲಿಯ ಒಂದು ಜಾತಿಯ ಪ್ರತಿಕಾಯ ಸರಪಳಿಗಳನ್ನು ಓದಿದಾಗ ಬಹುಪಾಲು ಒಂದೇ ತೆರನಾಗಿದ್ದವು, ಕೆಲವು ಮಾತ್ರ ಒಂದೆರಡು ಅಮೈನೋ ಆಮ್ಲಗಳಲ್ಲಿ ಬೇರೆಯಾಗಿದ್ದವು. ಒಂದೇ ಜೀನ್ ದೇಹದೊಳಗೇ ರೂಪಾಂತರಗೊಳ್ಳುತ್ತಿದೆ ಎಂಬುದಕ್ಕೆ ಅದು ಕಣ್ಣಿಗೆ ಕಾಣುವ ಪುರಾವೆ. ಪ್ರತಿಕಾಯದ ಜೀನ್‌ನಲ್ಲಿ ರೂಪಾಂತರ ನಡೆಯುವ ವೇಗ ಉಳಿದ ಜೀನ್‌ಗಳಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚು ಎಂದು ಮುಂದೆ ತಿಳಿಯಿತು.

ಅದೇ 1970ರಲ್ಲಿ ಟೈ ಟೆ ವೂ ಮತ್ತು ಎಲ್ವಿನ್ ಕಬಾಟ್ ಇನ್ನೊಂದು ಸಂಗತಿ ಗುರುತಿಸಿದ್ದರು. ಪ್ರತಿಕಾಯಗಳ ನಡುವಿನ ವ್ಯತ್ಯಾಸ ಸರಪಳಿಯ ಉದ್ದಕ್ಕೂ ಹರಡಿಲ್ಲ, ಮೂರು ಚಿಕ್ಕ ಭಾಗಗಳಲ್ಲಿ ಕಿಕ್ಕಿರಿದಿದೆ. ಪ್ರತಿಜನಕಕ್ಕೆ ನೇರವಾಗಿ ತಗಲುವುದು ಈ ಭಾಗಗಳೇ. ಇವನ್ನು ಅಂಟುವ ಭಾಗ ಎನ್ನೋಣ. ಉಳಿದದ್ದು ಇವನ್ನು ಎತ್ತಿಹಿಡಿಯುವ ಚೌಕಟ್ಟು. ಇಲ್ಲಿಂದ ಒಂದು ಸಹಜವಾದ ಯೋಚನೆ ಹುಟ್ಟಿತು. ಜೀನ್‌ನಲ್ಲಾಗುವ ರೂಪಾಂತರ ಎರಡು ಬಗೆ: ಅಮೈನೋ ಆಮ್ಲವನ್ನು ಬದಲಿಸುವುದು ಒಂದು, ಅಕ್ಷರ ಬದಲಾದರೂ ಅಮೈನೋ ಆಮ್ಲ ಹಾಗೆಯೇ ಉಳಿಯುವ ಮೌನ ರೂಪಾಂತರ ಇನ್ನೊಂದು. ಪ್ರತಿಜನಕ ನೋಡುವುದು ಪ್ರೋಟೀನನ್ನೇ ಹೊರತು ಅಕ್ಷರವನ್ನಲ್ಲ. ಆದ್ದರಿಂದ ಮೌನ ರೂಪಾಂತರಗಳ ಮೇಲೆ ಆಯ್ಕೆಯ ಕೈಯಾಡುವುದಿಲ್ಲ. ಅಂಟುವ ಭಾಗದಲ್ಲಿ ಬದಲಿಸುವ ರೂಪಾಂತರಗಳು ನಿರೀಕ್ಷೆಗಿಂತ ಹೆಚ್ಚಾಗಿದ್ದರೆ, ಹಿಡಿತ ಬಿಗಿಗೊಳಿಸಿದ ಬದಲಾವಣೆಗಳನ್ನು ಪ್ರತಿಜನಕ ಆರಿಸಿ ಉಳಿಸಿದೆ ಎಂದರ್ಥ. ಥಾಮಸ್ ಜೂಕ್ಸ್ ಮತ್ತು ಜ್ಯಾಕ್ ಕಿಂಗ್ 1979ರಲ್ಲಿ ಲೆಕ್ಕ ಹಾಕಿದಂತೆ, ರೂಪಾಂತರ ಎಲ್ಲೆಡೆ ಸಮನಾಗಿ ಬಿದ್ದರೆ ಒಂದು ಮೌನ ರೂಪಾಂತರಕ್ಕೆ ಸುಮಾರು 2.9 ಬದಲಿಸುವ ರೂಪಾಂತರಗಳು ಸಿಗಬೇಕು. ಅದಕ್ಕಿಂತ ಹೆಚ್ಚು ಸಿಕ್ಕರೆ ಆಯ್ಕೆ ನಡೆದಿದೆ ಎಂದು ಓದಲಾಯಿತು. 1987ರಲ್ಲಿ ಮಾರ್ಕ್ ಶ್ಲೊಂಚಿಕ್, ವೀಗರ್ಟ್ ಮೊದಲಾದವರು ಸ್ವಂತ ದೇಹದ ವಿರುದ್ಧವೇ ತಿರುಗಿದ ಇಲಿಯ ಪ್ರತಿಕಾಯಗಳಲ್ಲಿ ಇಂಥ ವಿನ್ಯಾಸ ತೋರಿಸಿ, ಸ್ವನಿರೋಧ ರೋಗದಲ್ಲೂ ಪ್ರತಿಜನಕವೇ ಕೋಶಗಳನ್ನು ಆರಿಸುತ್ತಿದೆ ಎಂದು ವಾದಿಸಿದ್ದು ಈ ವಿಧಾನಕ್ಕೆ ಹೆಸರು ತಂದಿತು.

ಆ ವಾದದಲ್ಲಿ ಸೇರಿಕೊಂಡಿದ್ದ ಒಂದು ಮಾತನ್ನು ಬಿಡಿಸಿ ನೋಡಬೇಕು. "ಎಲ್ಲೆಡೆ ಸಮನಾಗಿ ಬಿದ್ದರೆ" ಎಂಬ ಮಾತು ಅದು. ರಾಗಿ ಹೊಲದ ಒಂದು ಮೂಲೆಯಲ್ಲಿ ಪೈರು ದಟ್ಟವಾಗಿ ಕಂಡರೆ ಅದಕ್ಕೆ ಎರಡು ಕಾರಣ ಇರಬಹುದು: ಪೈರು ತೆಳುಮಾಡುವಾಗ ರೈತ ಆ ಮೂಲೆಯಲ್ಲಿ ಹೆಚ್ಚು ಉಳಿಸಿದ್ದಾನು, ಇಲ್ಲವೇ ಕೂರಿಗೆಯಿಂದ ಅಲ್ಲಿ ಬೀಜವೇ ಹೆಚ್ಚು ಬಿದ್ದಿದ್ದೀತು. ಬಿತ್ತನೆ ಹೇಗಾಯಿತೆಂದು ತಿಳಿಯದವನಿಗೆ ಪೈರಿನ ದಟ್ಟಣೆ ನೋಡಿ ಯಾವುದೆಂದು ಹೇಳಲು ಬರುವುದಿಲ್ಲ. ರೂಪಾಂತರ ಬಿತ್ತನೆ, ಆಯ್ಕೆ ಉಳಿಸುವಿಕೆ. ರೋಗನಿರೋಧಶಾಸ್ತ್ರಜ್ಞರು ಬಿತ್ತನೆ ಸಮನಾಗಿದೆ ಎಂದು ಹಿಡಿದುಕೊಂಡು, ಕಂಡ ದಟ್ಟಣೆಯನ್ನೆಲ್ಲ ಉಳಿಸಿದವನ ಲೆಕ್ಕಕ್ಕೆ ಬರೆದಿದ್ದರು.

ಬಿತ್ತನೆ ಸಮನಾಗಿಲ್ಲ ಎಂಬುದಕ್ಕೆ ಪುರಾವೆಗಳು 1990ರ ದಶಕದಲ್ಲಿ ಒಂದರ ಹಿಂದೊಂದು ಬಂದವು. 1992ರಲ್ಲಿ ಇಗೋರ್ ರೋಗೋಜಿನ್ ಮತ್ತು ನಿಕೊಲಾಯ್ ಕೊಲ್ಚಾನೊವ್, ನಿರ್ದಿಷ್ಟವಾದ ನಾಲ್ಕಕ್ಷರಗಳ ಜೋಡಣೆ ಇರುವ ಕಡೆ ರೂಪಾಂತರ ಮತ್ತೆ ಮತ್ತೆ ಬೀಳುತ್ತದೆ ಎಂದು ಗುರುತಿಸಿದರು. 1993ರಲ್ಲಿ ಕೇಂಬ್ರಿಜ್‌ನಲ್ಲಿ ಮಿಲ್‌ಸ್ಟೈನ್ ಮತ್ತು ಮೈಕೇಲ್ ನ್ಯೂಬರ್ಗರ್ ತಂಡ ಇಲಿಗಳಿಗೆ ಪ್ರಯಾಣಿಕ ಜೀನ್ ಎಂದು ಕರೆಯುವ ಹೆಚ್ಚುವರಿ ಜೀನೊಂದನ್ನು ಸೇರಿಸಿತು. ಕೋಶದ ಅಳಿವು ಉಳಿವಿನಲ್ಲಿ ಅದಕ್ಕೆ ಪಾತ್ರವಿಲ್ಲ. ಆದ್ದರಿಂದ ಅದರಲ್ಲಿ ಕಂಡ ವಿನ್ಯಾಸ ಪೂರ್ತಿ ಬಿತ್ತನೆಯದೇ. ಅಲ್ಲೂ ರೂಪಾಂತರಗಳು ಗುಂಪುಗುಂಪಾಗಿ, ಕೆಲವೇ ಜಾಗಗಳನ್ನು ಹುಡುಕಿಕೊಂಡು ಬಿದ್ದಿದ್ದವು. ಮಾರನೆಯ ವರ್ಷ ಚಾಂಗ್ ಮತ್ತು ಪಾವ್ಲೊ ಕಸಾಲಿ, ಮನುಷ್ಯರ ಪ್ರತಿಕಾಯ ಜೀನ್‌ಗಳ ಅಂಟುವ ಭಾಗದಲ್ಲಿ ಆರಿಸಿಕೊಂಡಿರುವ ಅಕ್ಷರಗಳೇ ಎಂಥವೆಂದರೆ, ಯಾವ ಅಕ್ಷರ ಬದಲಾದರೂ ಅಮೈನೋ ಆಮ್ಲ ಬದಲಾಗುವ ಸಂಭವ ಹೆಚ್ಚು ಎಂದು ತೋರಿಸಿದರು. ಎಲ್ಲ ಜೀನ್‌ಗೂ 2.9 ಎಂಬ ಒಂದೇ ಅಂಕಿ ಹಿಡಿಯುವುದು ಅಲ್ಲಿಗೆ ಮುಗಿಯಬೇಕಿತ್ತು.

1995ರ ಎರಡು ಪ್ರಬಂಧಗಳು ನನ್ನ ಲೆಕ್ಕದಲ್ಲಿ ಈ ಚರಿತ್ರೆಯ ನಡುಗಂಬಗಳು. ಒಂದರಲ್ಲಿ ವ್ಯಾಗ್ನರ್, ಮಿಲ್‌ಸ್ಟೈನ್, ನ್ಯೂಬರ್ಗರ್ ಅವರು ಸೆರೀನ್ ಎಂಬ ಅಮೈನೋ ಆಮ್ಲವನ್ನು ಜೀನ್‌ಗಳು ಹೇಗೆ ಬರೆಯುತ್ತವೆ ಎಂದು ನೋಡಿದರು. ಸೆರೀನನ್ನು ಬರೆಯಲು ಆರು ದಾರಿ. ನಾಲ್ಕು 'ಟಿಸಿ'ಯಿಂದ ಶುರುವಾಗುತ್ತವೆ, ಎರಡು 'ಎಜಿ'ಯಿಂದ. ರೂಪಾಂತರದ ಕಾಟ ಹೆಚ್ಚು ಬೀಳುವುದು ಎಜಿ ಬಗೆಯ ಮೇಲೆ. ಅಂಟುವ ಭಾಗದಲ್ಲಿ ಎಜಿ ಬಗೆಯೇ ಹೆಚ್ಚು, ಚೌಕಟ್ಟಿನಲ್ಲಿ ಟಿಸಿ ಬಗೆಯೇ ಹೆಚ್ಚು. ಪ್ರೋಟೀನಿನ ಮಟ್ಟಿಗೆ ಎರಡೂ ಸೆರೀನೇ. ಎಲ್ಲಿ ಬದಲಾದರೆ ಲಾಭ, ಎಲ್ಲಿ ಬದಲಾದರೆ ನಷ್ಟ ಎಂಬುದನ್ನು ಕೋಟ್ಯಂತರ ವರ್ಷಗಳ ವಿಕಾಸವು ಜೀನ್‌ನ ಕಾಗುಣಿತದಲ್ಲೇ ಬರೆದಿಟ್ಟಿದೆ. ಇನ್ನೊಂದು ಪ್ರಬಂಧ ಕುರಿಗಳದ್ದು. ಕ್ಲೋದ್-ಆನ್ಯೆಸ್ ರೆನೊ, ಜಾನ್-ಕ್ಲೋದ್ ವೈಲ್ ಮತ್ತವರ ಸಂಗಡಿಗರು ನೋಡಿದ್ದು ಮರಿಗಳ ಕರುಳಿನಲ್ಲಿ ಬಿ ಜೀವಕೋಶಗಳು ಬೆಳೆಯುವ ಜಾಗವನ್ನು. ಸೂಕ್ಷ್ಮಜೀವಿಗಳ ಸೋಂಕಿಲ್ಲದಂತೆ ಸಾಕಿದ ಮರಿಗಳಲ್ಲೂ, ಆಹಾರ ಹಾಯದಂತೆ ಕರುಳಿನಿಂದ ಬೇರ್ಪಡಿಸಿದ ತುಂಡಿನಲ್ಲೂ ರೂಪಾಂತರ ಎಂದಿನಂತೆ ನಡೆದಿತ್ತು. ಆರಿಸಲು ಹೊರಗಿನ ಪ್ರತಿಜನಕವೇ ಇಲ್ಲದ ಕಡೆಯಲ್ಲೂ, ಪ್ರತಿಜನಕದ ಸಹಿ ಎಂದು ಓದಲಾಗುತ್ತಿದ್ದಂಥ ವಿನ್ಯಾಸ ಮೂಡಿತ್ತು. ಕುರಿ ಸಾಕಣೆಯೇ ಬದುಕಾಗಿರುವ ನಮ್ಮ ಬಯಲುಸೀಮೆಯ ಓದುಗರಿಗೆ ಆ ಪ್ರಾಣಿ ವಿಜ್ಞಾನಕ್ಕೆ ಸಲ್ಲಿಸಿದ ಈ ಸಾಕ್ಷ್ಯ ತಿಳಿದಿರಬೇಕು.

ಇದರ ಪೆಟ್ಟು ಲೆಕ್ಕದ ಮೇಲೆ ಎಷ್ಟು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಅಂಟುವ ಭಾಗ ಜೀನ್‌ನ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು. ಅಲ್ಲಿ ಬಿದ್ದ ರೂಪಾಂತರಗಳಲ್ಲಿ ನಾಲ್ಕರಲ್ಲಿ ಮೂರು ಬದಲಿಸುವವು ಎಂದು ಹಿಡಿದರೆ, 100 ರೂಪಾಂತರಗಳಲ್ಲಿ ಸುಮಾರು 17 ಈ ಗುಂಪಿಗೆ ಸೇರಬೇಕು. ಒಂದು ಜೀನ್‌ನಲ್ಲಿ 20 ರೂಪಾಂತರಗಳು ಕಂಡು, ಅವುಗಳಲ್ಲಿ 8 ಈ ಗುಂಪಿನವಾದರೆ? ಬರಿಯ ಆಕಸ್ಮಿಕದಿಂದ 8 ಅಥವಾ ಅದಕ್ಕಿಂತ ಹೆಚ್ಚು ಬರುವ ಸಂಭವ ಸುಮಾರು 80ರಲ್ಲಿ ಒಂದು. ಸಂಖ್ಯಾಶಾಸ್ತ್ರದ ವಾಡಿಕೆಯಂತೆ ಇದು ಗಣನೀಯ, ಆಯ್ಕೆ ನಡೆದಿದೆ ಎಂದು ಪ್ರಬಂಧ ಬರೆಯಬಹುದು. ಈಗ ಬಿತ್ತನೆಯ ಒಲವಿನಿಂದ ಆ 17 ಎಂಬುದು 28ಕ್ಕೆ ಏರಿದೆ ಎನ್ನಿ. ಅದೇ 20ರಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಬರುವ ಸಂಭವ ಸುಮಾರು ಆರರಲ್ಲಿ ಒಂದಾಗುತ್ತದೆ, ಅಂದರೆ ದಿನಬೆಳಗಾದರೆ ಆಗುವಂಥದ್ದು. ಸೂತ್ರ ಬದಲಾಗಿಲ್ಲ, ಎಣಿಕೆ ಬದಲಾಗಿಲ್ಲ. ಆಯ್ಕೆಯಿಲ್ಲದಾಗ ಏನಾಗುತ್ತಿತ್ತು ಎಂಬ ಒಂದು ಅಂಕಿ ಸ್ವಲ್ಪ ಸರಿಯಿತು, ತೀರ್ಪು ತಲೆಕೆಳಗಾಯಿತು.

ಈ ಅನುಮಾನವನ್ನು ಮನುಷ್ಯರ ಜೀನ್‌ಗಳ ಮೇಲೆ ನೇರವಾಗಿ ಪರೀಕ್ಷಿಸಿದವರು ಲಂಡನ್ನಿನ ಡೆಬೊರಾ ಡನ್-ವಾಲ್ಟರ್ಸ್ ಮತ್ತು ಜೋ ಸ್ಪೆನ್ಸರ್. ಅವರಿಗೆ ಅನುಕೂಲವಾಗಿದ್ದು ನಿಸರ್ಗವೇ ಒದಗಿಸಿದ ಒಂದು ತುಲನೆ. ಬಿ ಜೀವಕೋಶ ತನ್ನ ಪ್ರತಿಕಾಯದ ಜೀನನ್ನು ತುಂಡುಗಳಿಂದ ಜೋಡಿಸುವಾಗ ಎಷ್ಟೋ ಸಲ ಮೊದಲ ಪ್ರಯತ್ನ ಕೆಟ್ಟು, ಅಕ್ಷರಗಳ ಓದು ತಪ್ಪಿಹೋಗುತ್ತದೆ. ಆಗ ಇನ್ನೊಂದು ಕ್ರೋಮೊಸೋಮಿನ ಜೀನನ್ನು ಜೋಡಿಸಿ ಕೆಲಸ ಸಾಗಿಸುತ್ತದೆ. ಕೆಟ್ಟ ಪ್ರತಿ ಸುಮ್ಮನೆ ಜೊತೆಗಿರುತ್ತದೆ. ರೂಪಾಂತರ ಅದರ ಮೇಲೂ ಬೀಳುತ್ತದೆ, ಆದರೆ ಅದರಿಂದ ಪ್ರೋಟೀನ್ ಹುಟ್ಟುವುದಿಲ್ಲವಾಗಿ ಯಾವ ಪ್ರತಿಜನಕವೂ ಅದನ್ನು ಆರಿಸಲಾರದು. ಇಂಥ ಕೆಟ್ಟ ಪ್ರತಿಗಳನ್ನು ಓದಿ, 1998ರಲ್ಲಿ ಅವರು ಕೊಟ್ಟ ತೀರ್ಮಾನ ಪ್ರಬಂಧದ ಶೀರ್ಷಿಕೆಯಲ್ಲೇ ಇತ್ತು: ರೂಪಾಂತರದ ಸಹಜ ಒಲವುಗಳು ಎಷ್ಟು ಬಲವಾಗಿವೆಯೆಂದರೆ, ಪ್ರತಿಜನಕದ ಆಯ್ಕೆಯನ್ನು ಸಂಖ್ಯಾಶಾಸ್ತ್ರದಿಂದ ಪತ್ತೆಹಚ್ಚುವುದಕ್ಕೇ ಅವು ಅಡ್ಡಿ.

ಈ ಮಾತನ್ನು ಎಲ್ಲರೂ ಒಪ್ಪಲಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ದುಗ್ಧಗ್ರಂಥಿಯ ಕ್ಯಾನ್ಸರ್ ಆದ ಲಿಂಫೋಮಾದ ಅಧ್ಯಯನ ಮಾಡುತ್ತಿದ್ದ ಇಸಿಡೋರ್ ಲಾಸೋಸ್ ಮತ್ತು ರೊನಾಲ್ಡ್ ಲೆವಿ, ಸಂಖ್ಯಾಶಾಸ್ತ್ರಜ್ಞರಾದ ರಾಬರ್ಟ್ ಟಿಬ್‌ಶಿರಾನಿ ಮತ್ತು ಬಾಲಸುಬ್ರಮಣಿಯನ್ ನರಸಿಂಹನ್ ಜೊತೆಗೂಡಿ 2000ದಲ್ಲಿ ಹೊಸ ಪರೀಕ್ಷೆಯೊಂದನ್ನು ರೂಪಿಸಿದರು. ಅಂಟುವ ಭಾಗ, ಚೌಕಟ್ಟು ಎರಡರಲ್ಲೂ ಬದಲಿಸುವುದು, ಮೌನವಾದದ್ದು ಎಂಬ ನಾಲ್ಕು ಗುಂಪುಗಳನ್ನು ಒಟ್ಟಿಗೇ ಲೆಕ್ಕಕ್ಕೆ ತರದೆ ಎರಡೆರಡಾಗಿ ಒಡೆದದ್ದೇ, ಮೇಲಿನ ಉದಾಹರಣೆಯಲ್ಲಿ ಬಳಸಿದಂಥ ಹಳೆಯ ದ್ವಿಪದ ಪರೀಕ್ಷೆಯ ದೋಷ ಎಂಬುದು ಅವರ ವಾದ. ಗಣಿತದ ದೃಷ್ಟಿಯಿಂದ ಅವರು ಸರಿ. ಆದರೆ ದೋಷದ ಬೇರು ಗುಂಪು ಮಾಡುವ ರೀತಿಯಲ್ಲಿರಲಿಲ್ಲ, ಬಿತ್ತನೆಯ ಊಹೆಯಲ್ಲಿತ್ತು. ಇದನ್ನು ಎತ್ತಿ ಆಡಿದವರು ನಮ್ಮ ದೇಶದವರು. ದೆಹಲಿಯ ಏಮ್ಸ್‌ನ ಬಿಪ್ಲಬ್ ಬೋಸ್ ಮತ್ತು ಸುಬ್ರತ ಸಿನ್ಹಾ 2005ರಲ್ಲಿ ಚಾಂಗ್-ಕಸಾಲಿ ಅವರ ದ್ವಿಪದ ವಿಧಾನವನ್ನೂ ಲಾಸೋಸ್ ವಿಧಾನವನ್ನೂ ಪರೀಕ್ಷೆಗೊಡ್ಡಿ, ರೂಪಾಂತರದ ಒಲವುಗಳನ್ನು ಲೆಕ್ಕಕ್ಕೆ ತಾರದ ಈ ವಿಧಾನಗಳಿಂದ ಆಯ್ಕೆಯನ್ನು ಸಾರುವುದು ನಂಬತಕ್ಕದ್ದಲ್ಲ ಎಂದು ತೋರಿಸಿದರು. ದುಬಾರಿ ಯಂತ್ರಗಳಿಲ್ಲದೆ, ಪ್ರಕಟವಾದ ವಿಧಾನವನ್ನು ಶ್ರದ್ಧೆಯಿಂದ ಒರೆಗೆ ಹಚ್ಚಿ ಮಾಡಿದ ಇಂಥ ಕೆಲಸಕ್ಕೆ ನಮ್ಮಲ್ಲಿ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಆಯ್ಕೆ ನಡೆಯುವುದು ಐಸನ್ ಮತ್ತು ಸಿಸ್ಕಿಂಡ್ ಕಾಲದಿಂದ ಗೊತ್ತಿದೆ, ಹಿಡಿತವನ್ನು ನೇರವಾಗಿ ಅಳೆದಾಗಿದೆ. ಒಂದೇ ಒಂದು ಅಮೈನೋ ಆಮ್ಲದ ಬದಲಾವಣೆಯಿಂದ ಹಿಡಿತ ಹತ್ತು ಪಟ್ಟು ಹೆಚ್ಚಿದ ಪ್ರತಿಕಾಯಗಳನ್ನು ಕ್ಲಾಸ್ ರಾಯೆವ್ಸ್ಕಿ ತಂಡ 1980ರ ದಶಕದಲ್ಲೇ ಇಲಿಗಳಲ್ಲಿ ಕಂಡಿದೆ. ಹಾಗಿರುವಾಗ ಈ ಎಣಿಕೆಯ ಜಗಳಕ್ಕೆ ಏನು ಬೆಲೆ? ಬೆಲೆ ಇರುವುದು ಪ್ರತಿಜನಕ ಯಾವುದೆಂದು ಗೊತ್ತಿಲ್ಲದ ಕಡೆ. ಇಲಿಗೆ ಚುಚ್ಚಿದ ವಸ್ತು ನಮ್ಮ ಕೈಯಲ್ಲಿರುತ್ತದೆ, ಹಿಡಿತ ಅಳೆಯಬಹುದು. ಕ್ಯಾನ್ಸರ್ ರೋಗಿಯ ಗಡ್ಡೆಯಲ್ಲಿ ಸಿಕ್ಕ ಪ್ರತಿಕಾಯದ ಜೀನ್ ಯಾವುದನ್ನು ಹಿಡಿಯುತ್ತಿತ್ತೋ ಯಾರಿಗೂ ತಿಳಿಯದು. ಅಲ್ಲಿ ಜೀನ್‌ನ ಅಕ್ಷರಗಳೇ ಏಕೈಕ ಸಾಕ್ಷಿ. ಆ ಸಾಕ್ಷಿಯ ಮೇಲೆ ಚಿಕಿತ್ಸೆಯ ದಾರಿ ನಿಂತಿರಬಹುದು. ಹೊಟ್ಟೆಯ ಒಂದು ಬಗೆಯ ಲಿಂಫೋಮಾ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾದ ಸೋಂಕನ್ನು ಆಂಟಿಬಯಾಟಿಕ್‌ನಿಂದ ತೊಲಗಿಸಿದಾಗ ಕುಗ್ಗುತ್ತದೆ ಎಂದು 1993ರಲ್ಲಿ ವರದಿಯಾದ ಮೇಲೆ, ಬೇರೆ ಲಿಂಫೋಮಾಗಳನ್ನೂ ಪ್ರತಿಜನಕವೇ ಬೆಳೆಸುತ್ತಿರಬಹುದೇ ಎಂಬ ಹುಡುಕಾಟ ಬಿರುಸಾಯಿತು. ಆ ಹುಡುಕಾಟದಲ್ಲಿ ಬದಲಿಸುವ ಮತ್ತು ಮೌನ ರೂಪಾಂತರಗಳ ಅನುಪಾತವೇ ಮುಖ್ಯ ಆಯುಧವಾಗಿತ್ತು. ಆಯ್ಕೆ ಎಂಬುದು ಲೋಕದಲ್ಲಿ ಇದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ಈ ರೋಗಿಯ ಈ ಜೀನ್ ಅದಕ್ಕೆ ಸಾಕ್ಷಿಯೇ ಎಂಬುದು ಪ್ರಶ್ನೆ.

ಎರಡನೆಯ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಹಿನ್ನೆಲೆಯೇ ಗೊತ್ತಿಲ್ಲವೆಂದ ಮೇಲೆ ಈ ಬಗೆಯ ಲೆಕ್ಕವನ್ನೇ ಕೈಬಿಡಬೇಕಲ್ಲವೇ? 1998ರ ಶೀರ್ಷಿಕೆ ಹಾಗೆ ಓದಿಸಿಕೊಳ್ಳುವಂತಿತ್ತು. ನನಗೆ ಅದು ಒಪ್ಪಿಗೆಯಲ್ಲ. ಅಳೆಯದ ಹಿನ್ನೆಲೆ ಬೇರೆ, ಅಳೆಯಲಾಗದ ಹಿನ್ನೆಲೆ ಬೇರೆ. 2000ದಲ್ಲಿ ಕ್ಯೋಟೊದ ತಸುಕು ಹೊಂಜೊ ತಂಡ, ಎಐಡಿ ಎಂಬ ಕಿಣ್ವವಿಲ್ಲದೆ ಈ ರೂಪಾಂತರ ನಡೆಯುವುದೇ ಇಲ್ಲ ಎಂದು ತೋರಿಸಿತು. ಆ ಕಿಣ್ವ 'ಸಿ' ಅಕ್ಷರದ ಮೇಲೆ ಕೈ ಮಾಡುತ್ತದೆ, ಸುತ್ತಲಿನ ಅಕ್ಷರಗಳನ್ನು ನೋಡಿ ಜಾಗ ಆರಿಸಿಕೊಳ್ಳುತ್ತದೆ. ಬಿತ್ತನೆಗೆ ಒಂದು ಯಂತ್ರವಿದೆ, ಯಂತ್ರಕ್ಕೆ ನಿಯಮವಿದೆ ಎಂದಾದ ಮೇಲೆ ನಿಯಮವನ್ನು ಕಲಿಯುವುದು ದುಡಿಮೆಯ ಮಾತು, ಅಸಾಧ್ಯದ ಮಾತಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟೀವನ್ ಕ್ಲೈನ್‌ಸ್ಟೈನ್ ಸುತ್ತ ಕೂಡಿದ ಗುಂಪು ಆ ದುಡಿಮೆಯನ್ನು ಕೈಗೆತ್ತಿಕೊಂಡಿತು. 1987ರ ಪ್ರಬಂಧದ ಶ್ಲೊಂಚಿಕ್ ಕೂಡ ಆ ಗುಂಪಿನಲ್ಲಿದ್ದರು. ತಾನು ಹೆಸರುವಾಸಿ ಮಾಡಿದ ವಿಧಾನವನ್ನು ತಾನೇ ಬಿಚ್ಚಿ ತಿದ್ದಲು ಕುಳಿತ ವಿಜ್ಞಾನಿಯ ನಡತೆ ಗೌರವಕ್ಕೆ ಪಾತ್ರ.

2008ರಲ್ಲಿ ಉರಿ ಹರ್ಷ್‌ಬರ್ಗ್ ಮತ್ತು ಈ ಗುಂಪಿನವರು ಹೊರಗೆಡಹಿದ ದೋಷ ಅಲ್ಲಿಯವರೆಗಿನ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಒಲವುಗಳನ್ನೆಲ್ಲ ಸರಿಯಾಗಿ ಲೆಕ್ಕಕ್ಕೆ ತಂದರೂ ಅದು ಉಳಿಯುತ್ತದೆ. ಮೊದಲಿನಂತೆ 100 ರೂಪಾಂತರಗಳನ್ನು ತೆಗೆದುಕೊಳ್ಳಿ. ಅಂಟುವ ಭಾಗದಲ್ಲಿ ಬದಲಿಸುವವು 17, ಮೌನವಾದವು 5. ಚೌಕಟ್ಟಿನಲ್ಲಿ ಬದಲಿಸುವವು 56, ಮೌನವಾದವು 22 ಎನ್ನಿ. ಚೌಕಟ್ಟು ಕೆಟ್ಟರೆ ಪ್ರತಿಕಾಯವೇ ಮಡಚಿಕೊಳ್ಳುವುದಿಲ್ಲ, ಅಂಥ ಕೋಶಗಳು ಸಾಯುತ್ತವೆ. ಆ 56ರಲ್ಲಿ ಅರ್ಧ ಹೀಗೆ ಅಳಿದುಹೋದರೆ ಒಟ್ಟು 72 ಉಳಿಯುತ್ತವೆ. ಅಂಟುವ ಭಾಗದ 17 ಹಾಗೆಯೇ ಇದ್ದರೂ ಅವುಗಳ ಪಾಲು 100ಕ್ಕೆ 17ರಿಂದ ಸುಮಾರು 24ಕ್ಕೆ ಏರುತ್ತದೆ. ಅಂಟುವ ಭಾಗದಲ್ಲಿ ಯಾರೂ ಏನನ್ನೂ ಆರಿಸಿಲ್ಲ. ಬೇರೆಡೆ ಅಳಿದದ್ದೇ ಇಲ್ಲಿ ಹೆಚ್ಚಾದಂತೆ ತೋರುತ್ತಿದೆ. ಇದಕ್ಕೆ ಅವರು ಕಂಡುಕೊಂಡ ಪರಿಹಾರ ಸರಳ: ಚೌಕಟ್ಟಿನ ಬದಲಿಸುವ ರೂಪಾಂತರಗಳನ್ನು ಹೋಲಿಕೆಯಿಂದಲೇ ಹೊರಗಿಟ್ಟು, ಅಂಟುವ ಭಾಗದ 17ನ್ನು ಅದೇ ಭಾಗದ ಮೌನ 5 ಮತ್ತು ಚೌಕಟ್ಟಿನ ಮೌನ 22ರ ಜೊತೆ ಮಾತ್ರ ತೂಗುವುದು. ಆಗ ಅಳಿವಿಗೆ ಮುಂಚೆಯೂ ಆಮೇಲೂ ಅದು 44ರಲ್ಲಿ 17.

ಇನ್ನೊಂದು ಕುಣಿಕೆಯಿತ್ತು. ಒಂದೇ ಮೂಲಕೋಶದಿಂದ ಹುಟ್ಟಿದ ಹತ್ತು ಕೋಶಗಳನ್ನು ಓದಿದರೆ, ತಾಯಿಕೋಶದಲ್ಲಿ ಒಮ್ಮೆ ನಡೆದ ರೂಪಾಂತರ ಹತ್ತರಲ್ಲೂ ಕಾಣುತ್ತದೆ. ಅದನ್ನು ಹತ್ತೆಂದು ಎಣಿಸಿದರೆ ಒಂದು ಆಕಸ್ಮಿಕ ಹತ್ತು ಸಾಕ್ಷಿಗಳಾಗಿ ನಿಲ್ಲುತ್ತದೆ. ಕೋಶಗಳ ವಂಶವೃಕ್ಷ ಬರೆದು, ಪ್ರತಿ ರೂಪಾಂತರವನ್ನೂ ಅದು ಹುಟ್ಟಿದ ಕೊಂಬೆಯಲ್ಲಿ ಒಮ್ಮೆ ಮಾತ್ರ ಎಣಿಸುವುದು ಇದಕ್ಕೆ ಮದ್ದು.

ಅಷ್ಟರಲ್ಲಿ ಜೀನ್ ಓದುವ ಯಂತ್ರಗಳು ಅಗ್ಗವಾದವು, ಹತ್ತಾರು ಜೀನ್‌ಗಳ ಜಾಗದಲ್ಲಿ ಲಕ್ಷಾಂತರ ಜೀನ್‌ಗಳು ಬಂದವು. ಸಾಮಗ್ರಿ ಇಷ್ಟು ಹೆಚ್ಚಾದ ಮೇಲೆ ಹಳೆಯ ತೊಡಕುಗಳು ತಾವಾಗಿ ಕರಗುತ್ತವೆ ಎಂದು ಹಲವರು ನಂಬಿದರು. ಆಕಸ್ಮಿಕದ ಏರಿಳಿತ ಸಾಮಗ್ರಿ ಹೆಚ್ಚಿದಂತೆ ತಗ್ಗುವುದು ನಿಜ. ಒಲವು ತಗ್ಗುವುದಿಲ್ಲ. 20 ರೂಪಾಂತರಗಳಿದ್ದಾಗ 17ಕ್ಕೂ 28ಕ್ಕೂ ನಡುವಿನ ತಪ್ಪು ಅನುಮಾನದ ಮಟ್ಟದಲ್ಲಿ ನಿಂತಿತ್ತು. 20 ಸಾವಿರ ಇದ್ದಾಗ ಅದೇ ತಪ್ಪು, ಸಂದೇಹಕ್ಕೆ ಎಡೆಯೇ ಇಲ್ಲದಂಥ ಅಂಕಿಯನ್ನು ಹೊತ್ತು ಬರುತ್ತದೆ. ಗುರ್ ಯಾರಿ, ಮೊಹಮ್ಮದ್ ಉದುಮಾನ್, ಕ್ಲೈನ್‌ಸ್ಟೈನ್ 2012ರಲ್ಲಿ ರೂಪಿಸಿದ ಬೇಸ್‌ಲೈನ್ ವಿಧಾನ ಇದಕ್ಕೆ ಕೊಟ್ಟ ಉತ್ತರ: ಆಯ್ಕೆ ಇದೆ, ಇಲ್ಲ ಎಂಬ ಎರಡೇ ಮಾತಿನ ತೀರ್ಪು ಬೇಡ, ಆಯ್ಕೆಯ ಬಲವೆಷ್ಟು, ಆ ಅಂದಾಜಿನಲ್ಲಿ ಅನಿಶ್ಚಿತತೆ ಎಷ್ಟು ಎಂದು ಹೇಳಿ. ಮರುವರ್ಷ ಅದೇ ಗುಂಪು ಅಪಾರ ಸಂಖ್ಯೆಯ ಮೌನ ರೂಪಾಂತರಗಳನ್ನು ಕೂಡಿಹಾಕಿ, ಅಕ್ಕಪಕ್ಕದ ಎರಡೆರಡು ಅಕ್ಷರ ಸೇರಿ ಐದಕ್ಷರಗಳ ಪ್ರತಿಯೊಂದು ಜೋಡಣೆಯಲ್ಲೂ ರೂಪಾಂತರ ಬೀಳುವ ಸಂಭವವೆಷ್ಟು ಎಂಬ ಕೋಷ್ಟಕವನ್ನು ಸಿದ್ಧಪಡಿಸಿತು. 1987ರಲ್ಲಿ ಸಮ ಎಂದು ಹಿಡಿದದ್ದನ್ನು 2013ರಲ್ಲಿ ಅಳೆದಂತಾಯಿತು. ನಡುವೆ 26 ವರ್ಷ.

ಅಷ್ಟು ಕಾಲ ಏಕೆ? ಪುರಾವೆ 1995ರಲ್ಲೇ ಸಾಕಷ್ಟಿತ್ತು. ನನಗೆ ಕಾಣುವ ಕಾರಣ ಇದು: ಪರೀಕ್ಷೆ ಕೊಡುತ್ತಿದ್ದ ಉತ್ತರ ಎಲ್ಲರಿಗೂ ಬೇಕಾದ ಉತ್ತರವಾಗಿತ್ತು. ಬರ್ನೆಟ್‌ರ ಸಿದ್ಧಾಂತ ಸರಿಯೆಂದು ಆಗಲೇ ಸಾಬೀತಾಗಿತ್ತು, ಆಯ್ಕೆ ಇದೆ ಎಂದು ಹೇಳುವ ಯಾವ ಪರೀಕ್ಷೆಯನ್ನೂ ಸಂಶಯಿಸುವ ತುರ್ತು ಯಾರಿಗೂ ಹುಟ್ಟಲಿಲ್ಲ. ತುಮಕೂರಿನಲ್ಲಿ ಹಾಗಿರಲಿಲ್ಲ. ಗೆರೆ ತಪ್ಪಿದರೆ ಸರ್ಕಾರದ ಹಣ, ಔಷಧಿ, ಸಿಬ್ಬಂದಿ ಎಲ್ಲವೂ ತಪ್ಪು ದಾರಿ ಹಿಡಿಯುತ್ತಿದ್ದವು. ಹಾಗಾಗಿ ಸೋಂಕಿಲ್ಲದಿದ್ದರೆ ಏನು ಕಾಣುತ್ತಿತ್ತು ಎಂಬ ಪ್ರಶ್ನೆ ಅಲ್ಲಿ ಕೆಲಸದ ನಡುವೆಯೇ ಎದ್ದಿತು.

ಹಿನ್ನೆಲೆಯನ್ನು ಅಳೆದ ಮೇಲೆ ಚಿತ್ರವೇ ಬೇರೆಯಾಯಿತು. 2015ರಲ್ಲಿ ಫ್ರೆಡರಿಕ್ ಮ್ಯಾಟ್ಸನ್ ತಂಡ ಕೆಟ್ಟ ಪ್ರತಿಗಳನ್ನೇ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಕೆಲಸ ಮಾಡುವ ಜೀನ್‌ಗಳನ್ನು ಅಮೈನೋ ಆಮ್ಲದ ಒಂದೊಂದು ಸ್ಥಾನದಲ್ಲೂ ತೂಗಿ ನೋಡಿತು. ಬಹುಪಾಲು ಸ್ಥಾನಗಳಲ್ಲಿ ಕಂಡದ್ದು ಬದಲಾವಣೆಯನ್ನು ಆರಿಸಿ ಉಳಿಸುವ ಒತ್ತಡವಲ್ಲ, ಬದಲಾದದ್ದನ್ನು ಕಿತ್ತೆಸೆಯುವ ಒತ್ತಡ. 2017ರಲ್ಲಿ ಕೆನೆತ್ ಹೋನ್, ಗೆರ್ಟನ್ ಲುಂಟರ್, ಆಲಿವರ್ ಪೈಬಸ್ ಇನ್ನೊಂದು ತೊಡಕನ್ನು ಲೆಕ್ಕಕ್ಕೆ ತಂದರು: ರೂಪಾಂತರ ಹೆಚ್ಚು ಬೀಳುವ ಜಾಗಗಳು ಒಮ್ಮೆ ಬದಲಾದರೆ ಆ ಗುಣ ಕಳೆದುಕೊಳ್ಳುತ್ತವೆ. ವಂಶ ಬೆಳೆದಂತೆ ಬಿತ್ತನೆಯ ನಿಯಮವೇ ಸವೆಯುತ್ತ ಹೋಗುತ್ತದೆ, ನಿಂತ ನೀರಿನಂತೆ ಅದನ್ನು ಸ್ಥಿರವೆಂದು ಹಿಡಿಯಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರೇಂದ್ರ ದೀಕ್ಷಿತ್ ತಂಡದ್ದು ಇದಕ್ಕೆ ಎದುರು ದಿಕ್ಕಿನ ದಾರಿ. ಉಳಿದ ಜೀನ್ ನೋಡಿ ಆಯ್ಕೆಯನ್ನು ಊಹಿಸುವ ಬದಲು, ಆಯ್ಕೆ ನಡೆಯುವ ದುಗ್ಧಗ್ರಂಥಿಯ ಕೇಂದ್ರವನ್ನೇ ಕಂಪ್ಯೂಟರಿನಲ್ಲಿ ಕಟ್ಟಿ, ಒತ್ತಡ ಹೆಚ್ಚು ಕಡಿಮೆ ಮಾಡಿದರೆ ಪ್ರತಿಕಾಯಗಳು ಹೇಗೆ ಬದಲಾಗುತ್ತವೆ ಎಂದು ನೋಡುವುದು. ಕೋವಿಡ್ ಲಸಿಕೆಯ ಎರಡನೆಯ ಡೋಸನ್ನು ತಡಮಾಡಿ ಕೊಟ್ಟಾಗ ರಕ್ಷಣೆ ಹೆಚ್ಚಾದದ್ದು ಏಕಿರಬಹುದು ಎಂಬುದಕ್ಕೆ ಅವರು 2021ರಲ್ಲಿ ಕೊಟ್ಟ ವಿವರಣೆ, ಆಯ್ಕೆ ಇನ್ನಷ್ಟು ಬಿಗಿಯಾಗುತ್ತದೆ ಎಂಬ ಈ ತರ್ಕದ ಮೇಲೆಯೇ ನಿಂತಿದೆ.

ಬಾಕಿ ಉಳಿದಿರುವ ಕೆಲಸ ಹಳೆಯ ಪ್ರಬಂಧಗಳದ್ದು. 1980ರ ದಶಕದ ಕೊನೆಯಿಂದ ಎರಡು ದಶಕಗಳ ಕಾಲ ಲಿಂಫೋಮಾ, ಸಂಧಿವಾತ, ಲೂಪಸ್ ರೋಗಿಗಳ ಕೋಶಗಳಲ್ಲಿ ಪ್ರತಿಜನಕದ ಆಯ್ಕೆ ಕಂಡಿದೆ ಎಂದ ಬರಹಗಳಲ್ಲಿ ಹಲವು, ಸಮ ಬಿತ್ತನೆಯ ಊಹೆಯ ಮೇಲೆಯೇ ನಿಂತಿವೆ, ಇವತ್ತಿಗೂ ಉಲ್ಲೇಖಗೊಳ್ಳುತ್ತಿವೆ. ಅವುಗಳಲ್ಲಿ ಕೆಲವು ಸರಿಯಾಗಿಯೇ ಇರಬಹುದು. ಶ್ಲೊಂಚಿಕ್ ಇಲಿಗಳ ಕಥೆ ಬೇರೆ ಬಗೆಯ ಪುರಾವೆಗಳಿಂದಲೂ ಗಟ್ಟಿಯಾಗಿದೆ. ಆದರೆ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದು ಅಂದು ಪ್ರಕಟವಾದ ಅದೇ ಅಕ್ಷರಸಾಲುಗಳನ್ನು ಅಳೆದ ಹಿನ್ನೆಲೆಯ ಮೇಲಿಟ್ಟು ಮತ್ತೊಮ್ಮೆ ಎಣಿಸಿದಾಗಲೇ ತಿಳಿಯುವುದು. ಅದಕ್ಕೆ ಹೊಸ ರೋಗಿಗಳೂ ಬೇಡ, ಹೊಸ ಪ್ರಯೋಗಾಲಯವೂ ಬೇಡ. ಸಾಲುಗಳು ಸಾರ್ವಜನಿಕ ಭಂಡಾರಗಳಲ್ಲಿವೆ, ತಿದ್ದಿದ ವಿಧಾನಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ತುಮಕೂರಿನ ಕಾಲೇಜೊಂದರ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗೂ ಈ ಮರುಎಣಿಕೆ ಕೈಗೆಟುಕುವಂಥದ್ದು.